ಪಿಎಚ್.ಡಿ. ಆದ ಮೇಲಿನ ಹತ್ತು ವರ್ಷ

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಮನೆಯಲ್ಲೋ ಆರೋಗ್ಯ ಉಪಕೇಂದ್ರದಲ್ಲೋ ಹೆರಿಗೆಯಾದ 1620 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಲಾಯಿತು. ಉಳಿದವರಿಗೆ ಕೊಟ್ಟದ್ದು ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ಮಾತ್ರೆ. ಔಷಧ ಸಿಗದವರಲ್ಲಿ ಶೇ 12ರಷ್ಟು ಬಾಣಂತಿಯರಿಗೆ ಅತಿರಕ್ತಸ್ರಾವವಾದರೆ, ಸಿಕ್ಕವರಲ್ಲಿ ಅದು ಶೇ 6.4ಕ್ಕೆ ನಿಂತಿತು. 2006ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಬಾಣಂತಿಯ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು, ಬಾಣಂತಿಯ ಕೆಳಗೆ ಅಳತೆಗೆರೆಯ ಪ್ಲಾಸ್ಟಿಕ್ ಹಾಳೆ ಹಾಸಿ ಹರಿದ ರಕ್ತವನ್ನು ಅಳೆದವರು ಎಎನ್‌ಎಂಗಳು, ಅಂದರೆ ಊರವರು ‘ಸಿಸ್ಟರ್’ ಎಂದು ಕರೆಯುವ ಆರೋಗ್ಯ ಸಹಾಯಕಿಯರು. ಪ್ರಶ್ನೆ ಹಾಕಿ ಅಧ್ಯಯನವನ್ನು ರೂಪಿಸಿದವರು ವೈದ್ಯಕೀಯ ಸಂಶೋಧಕರು. ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ, ಅದು ತಾಯಂದಿರ ಜೀವ ಉಳಿಸಿದ ಕೆಲಸ. ಆದರೆ ಅದರೊಳಗೆ ಕಾಣುವ ಕೆಲಸದ ಹಂಚಿಕೆ ನಮ್ಮ ಆರೋಗ್ಯ ವ್ಯವಸ್ಥೆಯ ಎಲ್ಲೆಡೆ ಇದೆ. ರೋಗಿಯ ಪಕ್ಕದಲ್ಲಿ ಅತಿ ಹೆಚ್ಚು ಹೊತ್ತು ಇರುವವರು ಸಂಶೋಧನೆಗೆ ಕೈಗಳನ್ನು ಒದಗಿಸುತ್ತಾರೆ, ಪ್ರಶ್ನೆಗಳು ಬೇರೆ ಕಡೆಯಿಂದ ಬರುತ್ತವೆ.

ಹಾಗಾದರೆ ನರ್ಸುಗಳಿಗೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚಿದೆಯೇ? ಇಲ್ಲ. ದೆಹಲಿ ಮತ್ತು ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾದದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲು. ನರ್ಸಿಂಗ್‌ನಲ್ಲಿ ಪಿಎಚ್.ಡಿ. ಮಾಡುವವರಿಗಾಗಿ ಭಾರತೀಯ ಶುಶ್ರೂಷಾ ಪರಿಷತ್ತು 2005ರ ಸುಮಾರಿಗೆ ಒಂದು ರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿದ್ದ ಆ ಒಕ್ಕೂಟಕ್ಕೆ ನೆಲೆಯಾದದ್ದು ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ದೇಶದ ಬೇರೆ ಬೇರೆ ಊರುಗಳ ಅಧ್ಯಯನ ಕೇಂದ್ರಗಳನ್ನು ಅದು ಒಂದು ದಾರದಲ್ಲಿ ಪೋಣಿಸಿತು. ಅಂದರೆ ಪಿಎಚ್.ಡಿ.ಯವರೆಗಿನ ಮೆಟ್ಟಿಲನ್ನು ನಾವು ಕಟ್ಟಿಕೊಂಡಿದ್ದೇವೆ. ಮೆಟ್ಟಿಲು ಹತ್ತಿದ ಮೇಲೆ ನಿಲ್ಲಲು ಜಾಗ ಮಾಡಿಲ್ಲ. ನರ್ಸಿಂಗ್ ಸಂಶೋಧನೆ ನಮ್ಮಲ್ಲಿ ಸೊರಗುವುದು ಪದವಿ ಸಿಗುವ ಮೊದಲಲ್ಲ, ಸಿಕ್ಕ ನಂತರದ ಹತ್ತು ಹದಿನೈದು ವರ್ಷಗಳಲ್ಲಿ. ಸರ್ಕಾರ, ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗಳು ತಮ್ಮ ಗಮನವನ್ನೂ ಹಣವನ್ನೂ ಈಗ ತಿರುಗಿಸಬೇಕಾದದ್ದು ಆ ನಡುಹಂತದ ಕಡೆಗೆ ಎಂಬುದು ಈ ಬರಹದ ವಾದ.

ಆ ವರ್ಷಗಳಲ್ಲಿ ಆಗುವುದೇನು ಎಂಬುದನ್ನು ಬಿಡಿಸಿ ನೋಡೋಣ. ನಾಲ್ಕು ವರ್ಷದ ಬಿ.ಎಸ್ಸಿ., ಆಮೇಲೆ ವಾರ್ಡಿನ ಅನುಭವ, ಎರಡು ವರ್ಷದ ಎಂ.ಎಸ್ಸಿ., ಮತ್ತೆ ಬೋಧನೆ, ಕೆಲಸ ಮಾಡುತ್ತಲೇ ಪಿಎಚ್.ಡಿ. ಇಷ್ಟೆಲ್ಲ ಮುಗಿಯುವಾಗ ವಯಸ್ಸು ನಲವತ್ತರ ಆಸುಪಾಸು ಬಂದಿರುತ್ತದೆ. ಪದವಿ ಕೈಗೆ ಬಂದ ದಿನದಿಂದ ಸಂಸ್ಥೆ ಆ ವ್ಯಕ್ತಿಯನ್ನು ಹೊಸ ಕಣ್ಣಿನಿಂದ ನೋಡುತ್ತದೆ. ಪಿಎಚ್.ಡಿ. ಆದವರು ವಿಭಾಗದ ಮುಖ್ಯಸ್ಥರಾಗುತ್ತಾರೆ, ವೈಸ್ ಪ್ರಿನ್ಸಿಪಾಲ್, ಪ್ರಿನ್ಸಿಪಾಲ್ ಆಗುತ್ತಾರೆ. ಪ್ರವೇಶಾತಿ, ಹಾಜರಾತಿ, ಇಂಟರ್ನಲ್ ಮಾರ್ಕ್ಸ್, ಕ್ಲಿನಿಕಲ್ ಪೋಸ್ಟಿಂಗ್‌ನ ಪಟ್ಟಿ, ವರ್ಷಕ್ಕೊಮ್ಮೆ ಬರುವ ತಪಾಸಣಾ ತಂಡಕ್ಕೆ ಬೇಕಾದ ಕಡತ, ಇವೆಲ್ಲ ಅವರ ಮೇಜಿಗೆ ಬರುತ್ತವೆ. ಸಂಶೋಧನೆ ಕಲಿತ ಮನಸ್ಸು ಆಡಳಿತಕ್ಕೆ ಹೋಗುತ್ತದೆ. ಇತ್ತ ಆಸ್ಪತ್ರೆಯಲ್ಲೇ ಉಳಿದವರ ಕಷ್ಟ ಬೇರೆ. ಹತ್ತು ಹದಿನೈದು ವರ್ಷ ಐಸಿಯುನಲ್ಲೋ ನವಜಾತ ಶಿಶು ಘಟಕದಲ್ಲೋ ದುಡಿದ ನರ್ಸಿಂಗ್ ಆಫೀಸರ್‌ಗೆ ರೋಗಿಯ ಬಗ್ಗೆ ತಿಳಿದಿರುವಷ್ಟು ಪುಸ್ತಕದಲ್ಲಿಲ್ಲ. ಆದರೆ ಅವರ ಡ್ಯೂಟಿ ಪಟ್ಟಿಯಲ್ಲಿ ಸಂಶೋಧನೆಗೆಂದು ಒಂದು ಗಂಟೆಯೂ ಇರುವುದಿಲ್ಲ. ಬಹುತೇಕ ಕಡೆ ಕಾಲೇಜಿನವರು ವಾರ್ಡಿನ ಹೊಣೆ ಹೊರುವುದಿಲ್ಲ, ವಾರ್ಡಿನವರು ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ. ಸಂಶೋಧನೆಯ ವಿಧಾನ ಒಂದು ಕಟ್ಟಡದಲ್ಲಿ, ಸಂಶೋಧನೆಯ ಪ್ರಶ್ನೆ ಇನ್ನೊಂದು ಕಟ್ಟಡದಲ್ಲಿ. ನಡುವೆ ಇರುವುದು ಒಂದು ರಸ್ತೆಯಷ್ಟೇ ಆದರೂ ಅದನ್ನು ದಾಟುವ ಹುದ್ದೆ ಇಲ್ಲ.

ಹತ್ತು ಹದಿನೈದು ವರ್ಷವೇ ಏಕೆ ಮುಖ್ಯ? ಗಟ್ಟಿಯಾದ ಸಂಶೋಧನೆ ಒಂದು ಪ್ರಬಂಧಕ್ಕೆ ಮುಗಿಯುವುದಿಲ್ಲ. ಒಂದೇ ಪ್ರಶ್ನೆಯನ್ನು ಹಲವು ಕಡೆಯಿಂದ, ಹಲವು ಸಲ ಕೇಳುತ್ತ ಹೋದಾಗ ಅದು ಹಣ್ಣಾಗುತ್ತದೆ. ಅಮೆರಿಕದ ಲಿಂಡಾ ಏಕನ್ ಮೂಲತಃ ಆಸ್ಪತ್ರೆಯಲ್ಲಿ ದುಡಿದ ನರ್ಸ್. 1970ರ ದಶಕದಲ್ಲಿ ಪಿಎಚ್.ಡಿ. ಪಡೆದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಸಂಶೋಧನಾ ಕೇಂದ್ರ ಕಟ್ಟಿದ್ದು 1980ರ ದಶಕದ ಕೊನೆಗೆ. ಜಗತ್ತಿನ ಆರೋಗ್ಯ ಇಲಾಖೆಗಳು ಇಂದಿಗೂ ಉಲ್ಲೇಖಿಸುವ ಅವರ ಅಧ್ಯಯನ ಹೊರಬಂದದ್ದು 2002ರಲ್ಲಿ. 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆ ಮತ್ತು ಹತ್ತು ಸಾವಿರಕ್ಕೂ ಹೆಚ್ಚು ನರ್ಸುಗಳ ಉತ್ತರಗಳನ್ನು ಜೋಡಿಸಿ ನೋಡಿದಾಗ, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆ ಕೇಳಿದಾಗಲೂ ಬಂದ ಉತ್ತರ ಅದೇ ಶೇ 7. ‘ನಮ್ಮ ವಾರ್ಡಿನಲ್ಲಿ ಜನ ಸಾಲುವುದಿಲ್ಲ’ ಎಂದು ಲೋಕದ ನರ್ಸುಗಳೆಲ್ಲ ದಿನವೂ ಹೇಳುವ ಮಾತನ್ನು ಯಾರೂ ತಳ್ಳಿಹಾಕಲಾಗದ ಸಾಕ್ಷ್ಯವಾಗಿ ಮಾಡಲು ಮೂವತ್ತು ವರ್ಷದ ವೃತ್ತಿಜೀವನ ಬೇಕಾಯಿತು. ಪಿಎಚ್.ಡಿ. ಆದ ಮರುವರ್ಷವೇ ಅವರನ್ನು ಹಾಜರಾತಿ ಪುಸ್ತಕದ ಮುಂದೆ ಕೂರಿಸಿದ್ದರೆ ಆ ಸಾಕ್ಷ್ಯ ಅವರಿಂದ ಬರುತ್ತಿರಲಿಲ್ಲ.

ಇಲ್ಲೊಂದು ಸಹಜ ಪ್ರಶ್ನೆ ಏಳುತ್ತದೆ. ರೋಗಿಗೆ ಸಂಬಂಧಿಸಿದ ಸಂಶೋಧನೆಯನ್ನು ವೈದ್ಯರು ಮಾಡುತ್ತಲೇ ಇದ್ದಾರಲ್ಲ, ಅದರಲ್ಲಿ ನರ್ಸುಗಳು ಪಾಲ್ಗೊಂಡರೆ ಸಾಲದೇ? ಸಾಲದು. ಕಾರಣ ಸಾಮರ್ಥ್ಯದ್ದಲ್ಲ, ನಿಂತ ಜಾಗದ್ದು. ರೌಂಡ್ಸ್‌ಗೆ ಬಂದು ಹೋಗುವವರಿಗೆ ಕಾಣುವ ರೋಗಿಯೇ ಬೇರೆ, ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವವರಿಗೆ ಕಾಣುವ ರೋಗಿಯೇ ಬೇರೆ. ಹಾಸಿಗೆ ಹುಣ್ಣನ್ನೇ ತೆಗೆದುಕೊಳ್ಳಿ. ಹಾಸಿಗೆ ಹಿಡಿದ ವೃದ್ಧರ ಬೆನ್ನಿಗೆ, ಸೊಂಟಕ್ಕೆ ಬಗೆಬಗೆಯ ಲೇಪ ಹಚ್ಚುವುದೇ ಆರೈಕೆ ಎಂದು ನಂಬಿದ್ದ ಕಾಲದಲ್ಲಿ ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಒಡ್ಡಿದರು. 1962ರಲ್ಲಿ ಪ್ರಕಟವಾದ ಅವರ ಅಧ್ಯಯನ, ಲೇಪಕ್ಕಿಂತ ಒತ್ತಡ ತಗ್ಗಿಸುವುದು ಮತ್ತು ತಪ್ಪದೆ ಮಗ್ಗುಲು ಬದಲಿಸುವುದು ಮುಖ್ಯ ಎಂದು ತೋರಿಸಿತು. ಯಾವ ರೋಗಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸುವ ಅಂಕಪಟ್ಟಿಯನ್ನೂ ಕೊಟ್ಟಿತು. 1987ರಲ್ಲಿ ಅಮೆರಿಕದ ನರ್ಸ್ ಸಂಶೋಧಕಿಯರಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಅದನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ದರು. ಇಂದು ನಮ್ಮ ಆಸ್ಪತ್ರೆಗಳ ಐಸಿಯುಗಳಲ್ಲಿ ತುಂಬುವ ‘ಬ್ರೇಡನ್ ಸ್ಕೋರ್’ ಅವರದೇ. ಹಾಸಿಗೆ ಹುಣ್ಣು ಯಾವ ತಜ್ಞವೈದ್ಯರ ವಿಭಾಗಕ್ಕೂ ಮುಖ್ಯ ವಿಷಯವಾಗಿರಲಿಲ್ಲ. ಅದು ನರ್ಸಿನ ಕಣ್ಣಿಗೆ ಬಿದ್ದ ಪ್ರಶ್ನೆಯಾಗಿತ್ತು, ಅದಕ್ಕೆ ಉತ್ತರವೂ ನರ್ಸುಗಳಿಂದಲೇ ಬಂತು.

ನಮ್ಮಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ತೂಕ ಕಡಿಮೆ ಇರುವ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರು ಮಾಡಿದರೆ ಶಿಶುಮರಣ ಕಾಲುಭಾಗದಷ್ಟು ತಗ್ಗುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತೋರಿಸಿತು. ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ವ್ಯಾಪಕವಾಗಿ ತರುವುದು ಹೇಗೆ ಎಂಬ ಇನ್ನೊಂದು ಬಹುದೇಶೀಯ ಅಧ್ಯಯನಕ್ಕೆ ನಮ್ಮ ಕೊಪ್ಪಳ ಜಿಲ್ಲೆಯೂ ನೆಲೆಯಾಗಿತ್ತು. ಆದರೆ ಈ ಜ್ಞಾನ ವಾರ್ಡಿಗೆ ಇಳಿದಾಗ ಹುಟ್ಟುವ ಪ್ರಶ್ನೆಗಳನ್ನು ಗಮನಿಸಿ. ಸಿಸೇರಿಯನ್ ಆದ ತಾಯಿಯ ಎದೆಯ ಮೇಲೆ ಮಗುವನ್ನು ಎಷ್ಟು ಬೇಗ, ಹೇಗೆ ಮಲಗಿಸುವುದು? ಅತ್ತೆಯನ್ನೂ ಗಂಡನನ್ನೂ ಆರೈಕೆಯಲ್ಲಿ ತೊಡಗಿಸುವುದು ಹೇಗೆ? ಒಬ್ಬಳೇ ನರ್ಸ್ ಇರುವ ರಾತ್ರಿ ಪಾಳಿಯಲ್ಲಿ ಎಷ್ಟು ತಾಯಂದಿರಿಗೆ ನೆರವಾಗಬಹುದು? ಮನೆಗೆ ಹೋದ ಮೇಲೆ ಅದು ನಿಂತುಹೋಗದಂತೆ ಡಿಸ್ಚಾರ್ಜ್ ಹೊತ್ತಿನಲ್ಲಿ ಯಾವ ಮಾತು, ಯಾವ ಭಾಷೆಯಲ್ಲಿ ಹೇಳಬೇಕು? ಕನ್ನಡ, ಉರ್ದು, ಲಂಬಾಣಿ, ತೆಲುಗು ಮಾತಾಡುವ ತಾಯಂದಿರು ಒಂದೇ ವಾರ್ಡಿನಲ್ಲಿರುವ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಇವಕ್ಕೆಲ್ಲ ಉತ್ತರ ಹುಡುಕಲು ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಾಗಿಲ್ಲ. ಆ ವಾರ್ಡನ್ನು ಬಲ್ಲ, ಸಂಶೋಧನೆಯ ಶಿಸ್ತನ್ನೂ ಬಲ್ಲ ಒಬ್ಬರಿಗೆ ಬೇಕಾದಷ್ಟು ಸಮಯ ಬೇಕು. ಅವರೇ ನಾವು ನಡುದಾರಿಯಲ್ಲಿ ಕೈಬಿಡುತ್ತಿರುವವರು.

ನರ್ಸಿಂಗ್ ಸಂಶೋಧನೆಯ ಮಟ್ಟವೇ ಕಡಿಮೆ, ಅದಕ್ಕೆ ಹಣ ಸುರಿಯುವುದು ಏಕೆ ಎಂಬುದು ಒಳಗಿನವರೇ ಎತ್ತುವ ಆಕ್ಷೇಪ. ಅದರಲ್ಲಿ ಸತ್ಯವಿದೆ. ನರ್ಸಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ ಸಾಲಾಗಿ ನಿಂತ ಎಂ.ಎಸ್ಸಿ. ಪ್ರಬಂಧಗಳ ಶೀರ್ಷಿಕೆ ನೋಡಿದರೆ ಒಂದೇ ಅಚ್ಚು ಕಾಣುತ್ತದೆ. ಇಂಥ ಕಾಯಿಲೆಯ ಬಗ್ಗೆ ಇಂತಿಷ್ಟು ಜನರಿಗೆ ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ ನಡೆಸಿ, ಮೊದಲೊಂದು ಪ್ರಶ್ನಾವಳಿ, ಆಮೇಲೊಂದು ಪ್ರಶ್ನಾವಳಿ ಕೊಟ್ಟು, ತಿಳಿವಳಿಕೆ ಹೆಚ್ಚಿತು ಎಂದು ಬರೆಯುವುದು. ಪಾಠ ಹೇಳಿದರೆ ತಿಳಿವಳಿಕೆ ಹೆಚ್ಚುತ್ತದೆ ಎಂಬುದು ಯಾರಿಗೂ ಹೊಸ ಸಂಗತಿಯಲ್ಲ. ರೋಗಿ ಬೇಗ ಗುಣವಾದನೇ, ಸೋಂಕು ಕಡಿಮೆಯಾಯಿತೇ, ಮತ್ತೆ ಆಸ್ಪತ್ರೆಗೆ ಬರುವುದು ತಪ್ಪಿತೇ ಎಂಬ ಪ್ರಶ್ನೆಗಳು ಅಲ್ಲಿ ಅಪರೂಪ. ಆದರೆ ಈ ದೋಷದ ಮೂಲ ವಿದ್ಯಾರ್ಥಿಗಳಲ್ಲಿಲ್ಲ. ಕೈಯಲ್ಲಿರುವುದು ಎರಡು ವರ್ಷ, ಹಣ ಇಲ್ಲ, ಜೊತೆಗೆ ಗೈಡ್ ಕೂಡ ತಮ್ಮ ಕಾಲದಲ್ಲಿ ಇದೇ ಅಚ್ಚಿನಲ್ಲಿ ಬರೆದು ಬಂದವರು. ಗೈಡ್ ತನ್ನದೇ ಆದ ಒಂದು ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನತ್ತಿ ಹೋಗುತ್ತಿದ್ದರೆ ಅವರ ಕೆಳಗಿನ ವಿದ್ಯಾರ್ಥಿಯ ಪುಟ್ಟ ಅಧ್ಯಯನವೂ ಆ ದೊಡ್ಡ ಗೋಡೆಯ ಒಂದು ಇಟ್ಟಿಗೆಯಾಗುತ್ತದೆ. ಗೈಡ್‌ಗೆ ಅಂಥ ಪ್ರಶ್ನೆಯೇ ಇಲ್ಲದಿದ್ದರೆ ಪ್ರತಿ ವಿದ್ಯಾರ್ಥಿಯೂ ಬೇರೆ ಬೇರೆ ಕಡೆ ಒಂದೊಂದು ಇಟ್ಟಿಗೆ ಇಟ್ಟು ಹೋಗುತ್ತಾರೆ, ಗೋಡೆ ಏಳುವುದಿಲ್ಲ. ಹಾಗಾಗಿ ಮಟ್ಟ ಕಡಿಮೆ ಎಂಬುದು ನಡುಹಂತದವರನ್ನು ಬೆಂಬಲಿಸದಿರಲು ಕಾರಣವಾಗಲಾರದು. ಅವರನ್ನು ಬೆಂಬಲಿಸದೆ ಬಿಟ್ಟದ್ದರ ಫಲ ಅದು.

ಇದೇ ಕಾರಣಕ್ಕೆ, ಇರುವ ಹಣವನ್ನು ಹೊಸಬರಿಗೆ, ಯುವಕರಿಗೆ ಕೊಡಿ ಎಂಬ ಸಲಹೆಯೂ ಪೂರ್ತಿ ಸರಿಯಾಗದು. ಹೊಸಬರಿಗೆ ಕೊಡಲೇಬೇಕು. ಆದರೆ ಅವರನ್ನು ಕೈಹಿಡಿದು ನಡೆಸುವವರು ಯಾರು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿವೆ. ಅಲ್ಲಿ ನರ್ಸಿಂಗ್ ಸಂಶೋಧನೆಗೆ 1986ರಲ್ಲಿ ಒಂದು ಕೇಂದ್ರ ಹುಟ್ಟಿ, 1993ರಲ್ಲಿ ಅದು ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. ಆ ವ್ಯವಸ್ಥೆಯಲ್ಲಿ ‘ಕೆ 24’ ಎಂಬ ಅನುದಾನವಿದೆ. ರೋಗಿಗಳ ನಡುವೆ ಸಂಶೋಧನೆ ಮಾಡುವ, ವೃತ್ತಿಯ ನಡುಹಂತದಲ್ಲಿರುವವರ ಸಂಬಳದ ಒಂದು ಭಾಗವನ್ನು ಅದು ಭರಿಸುತ್ತದೆ. ಹಾಗೆ ಬಿಡುವಾದ ಸಮಯವನ್ನು ಅವರು ತಮ್ಮ ಸಂಶೋಧನೆಗೂ ಕಿರಿಯರನ್ನು ಬೆಳೆಸುವುದಕ್ಕೂ ಬಳಸಬೇಕು ಎಂಬುದು ಕರಾರು. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಗೆ 70 ವರ್ಷ ತುಂಬಿದ ನೆನಪಿಗೆ 70 ಮಂದಿ ಹಿರಿಯ ನರ್ಸು ಮತ್ತು ಸೂಲಗಿತ್ತಿಯರನ್ನು ಆರಿಸಿ, ಮೂರು ವರ್ಷ ಕಾಲ ವಾರಕ್ಕೆ ಎರಡು ದಿನವನ್ನು ಸಂಶೋಧನೆಯ ಮುಂದಾಳತ್ವಕ್ಕೆಂದೇ ಕಾಯ್ದಿರಿಸಿಕೊಟ್ಟರು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಿಂದ 2020ರಲ್ಲಿ ಶುರುವಾದ ಬೆಟ್ಟಿ ಐರೀನ್ ಮೂರ್ ಫೆಲೋಶಿಪ್, ವೃತ್ತಿಯ ಆರಂಭ ಮತ್ತು ನಡುಹಂತದ ನರ್ಸಿಂಗ್ ವಿದ್ವಾಂಸರಿಗೆ ಮೂರು ವರ್ಷಕ್ಕೆ 4.5 ಲಕ್ಷ ಡಾಲರ್ ಕೊಟ್ಟದ್ದಲ್ಲದೆ, ಅವರು ಕೆಲಸ ಮಾಡುವ ಸಂಸ್ಥೆಗೂ 50,000 ಡಾಲರ್ ಕೊಟ್ಟಿದೆ. ಡಾಲರಿನ ಲೆಕ್ಕವನ್ನು ನಾವು ನಕಲು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಮೂರರಲ್ಲೂ ಸಮಾನವಾಗಿರುವ ತಿಳಿವಳಿಕೆಯನ್ನು ಮಾತ್ರ ತೆಗೆದುಕೊಳ್ಳಬಹುದು. ನಡುಹಂತದವರಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಸಮಯದ್ದು, ಮತ್ತು ಆ ಸಮಯವನ್ನು ಅವರ ಸಂಸ್ಥೆ ಮನಸ್ಸಿಟ್ಟು ಬಿಟ್ಟುಕೊಡದ ಹೊರತು ಅದು ಸಿಗುವುದಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ವಾರ್ಡಿನಲ್ಲಿ ನರ್ಸುಗಳೇ ಸಾಲದಿರುವಾಗ ಅವರನ್ನು ಸಂಶೋಧನೆಗೆ ಕಳಿಸುವುದು ನ್ಯಾಯವೇ? ಕೊರತೆ ನಿಜ. ಜಗತ್ತಿನಲ್ಲಿ ಇನ್ನೂ 58 ಲಕ್ಷ ನರ್ಸುಗಳ ಕೊರತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಎಂದು ನಮ್ಮ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳಿದರೂ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋದವರಿಗೆ ವಾಸ್ತವ ಗೊತ್ತಿದೆ. ಆದರೆ ಲೆಕ್ಕವನ್ನು ಸರಿಯಾಗಿ ಹಾಕಬೇಕು. ರಾಜ್ಯದಲ್ಲಿ ಇಪ್ಪತ್ತು ಮಂದಿಯನ್ನು ಆರಿಸಿ ವಾರಕ್ಕೆ ಎರಡು ದಿನ ಬಿಡುವು ಕೊಟ್ಟರೆ, ಆರು ದಿನದ ವಾರದ ಲೆಕ್ಕದಲ್ಲಿ ಅದು ಸುಮಾರು ಏಳು ಪೂರ್ಣಾವಧಿ ಹುದ್ದೆಗೆ ಸಮ. ಆ ಏಳು ಹುದ್ದೆಗೆ ಬದಲಿ ನೇಮಕವನ್ನು ಅನುದಾನದಿಂದಲೇ ಮಾಡಿದರೆ ವಾರ್ಡಿನಿಂದ ಒಬ್ಬರೂ ಕಡಿಮೆಯಾಗುವುದಿಲ್ಲ. ದೇಶದಲ್ಲಿ ನೋಂದಾಯಿತ ನರ್ಸಿಂಗ್ ಸಿಬ್ಬಂದಿಯ ಸಂಖ್ಯೆ 33 ಲಕ್ಷಕ್ಕೂ ಹೆಚ್ಚು. ಅಷ್ಟು ದೊಡ್ಡ ಸಮೂಹ ತನ್ನ ಕೆಲಸದ ಬಗ್ಗೆ ತಾನೇ ಯೋಚಿಸಲು ಇಪ್ಪತ್ತು ಮಂದಿಗೆ ಎರಡು ದಿನ ಕೊಡಲಾರದು ಎಂದರೆ ಒಪ್ಪುವುದು ಕಷ್ಟ.

ಇದಕ್ಕಿಂತ ಆಳದ ಉತ್ತರವೂ ಇದೆ. ಕೊರತೆಯನ್ನು ನೀಗಿಸುವ ಅಸ್ತ್ರವೇ ಸಂಶೋಧನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ನರ್ಸಿಗೆ ಇಂತಿಷ್ಟೇ ರೋಗಿಗಳು ಎಂಬ ಮಿತಿಯನ್ನು ಕಾನೂನಾಗಿ ತಂದಿತು. ಏಕನ್ ಕಟ್ಟಿದ ಕೇಂದ್ರದ ಮುಂದಿನ ತಲೆಮಾರಿನ ಸಂಶೋಧಕ ಮ್ಯಾಥ್ಯೂ ಮೆಕ್‌ಹ್ಯೂ ಮತ್ತು ತಂಡದವರು ಅದರ ಪರಿಣಾಮವನ್ನು ಅಳೆದರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮಿತಿ ಬಂದ ಆಸ್ಪತ್ರೆಗಳಲ್ಲಿ ಸಾವು ತಗ್ಗಿತು, ರೋಗಿಗಳು ಮತ್ತೆ ದಾಖಲಾಗುವುದು ಕಡಿಮೆಯಾಯಿತು, ಆಸ್ಪತ್ರೆಯಲ್ಲಿ ಉಳಿಯುವ ದಿನಗಳೂ ಇಳಿದವು. ಹೀಗೆ ಉಳಿದ ಹಣ, ಹೆಚ್ಚುವರಿ ನರ್ಸುಗಳ ನೇಮಕಕ್ಕೆ ಆದ ಖರ್ಚಿನ ಎರಡು ಪಟ್ಟಿಗೂ ಮಿಕ್ಕಿತ್ತು. ಹಣಕಾಸು ಇಲಾಖೆಯ ಮುಂದೆ ಇಡಬೇಕಾದ ಮಾತು ಇದು. ನಮ್ಮ ಜಿಲ್ಲಾಸ್ಪತ್ರೆಗಳಿಗೆ ಇನ್ನಷ್ಟು ನರ್ಸುಗಳು ಬೇಕು ಎಂದು ಸಂಘಟನೆಗಳು ಮನವಿ ಕೊಡುತ್ತಲೇ ಇವೆ. ಆ ಮನವಿಯ ಜೊತೆಗೆ ರಾಯಚೂರಿನದೋ ಚಾಮರಾಜನಗರದ್ದೋ ವಾರ್ಡುಗಳಿಂದ ಎದ್ದುಬಂದ ಅಂಕಿಅಂಶವೂ ಇದ್ದರೆ ಅದರ ತೂಕವೇ ಬೇರೆಯಾಗುತ್ತದೆ. ಪೆನ್ಸಿಲ್ವೇನಿಯಾದ, ಕ್ವೀನ್ಸ್‌ಲ್ಯಾಂಡಿನ ಲೆಕ್ಕ ನಮ್ಮ ವಾರ್ಡಿಗೆ ಹಾಗೇ ಹೊಂದುವುದೂ ಇಲ್ಲ. ನಮ್ಮಲ್ಲಿ ರೋಗಿಗೆ ಊಟ ಮಾಡಿಸುವ, ಹೊರಳಿಸುವ, ಶೌಚಕ್ಕೆ ಕರೆದೊಯ್ಯುವ ಕೆಲಸದ ದೊಡ್ಡ ಪಾಲನ್ನು ಮನೆಯವರು ಹೊತ್ತಿರುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿದು ಅಧ್ಯಯನ ಮಾಡಬಲ್ಲವರು ಇಲ್ಲಿಯ ನರ್ಸುಗಳೇ.

ಮೊದಲು ಸಂಬಳ ಹೆಚ್ಚಿಸಿ, ಗುತ್ತಿಗೆ ನೌಕರಿ ಕಾಯಂ ಮಾಡಿ, ಸಂಶೋಧನೆ ಆಮೇಲೆ ನೋಡೋಣ ಎನ್ನುವವರ ಮಾತನ್ನೂ ಗೌರವದಿಂದ ಕೇಳಬೇಕು. ಖಾಸಗಿ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಯುವ ನರ್ಸಿಗೆ ಫೆಲೋಶಿಪ್ಪಿನ ಮಾತು ದೂರದ್ದು ಎನಿಸುವುದು ಸಹಜ. ಸಂಬಳದ ಹೋರಾಟ ನ್ಯಾಯವಾದದ್ದು, ಅದು ಕಾಯಬೇಕಾಗಿಲ್ಲ. ಆದರೆ ಎರಡನ್ನೂ ಎದುರುಬದುರು ನಿಲ್ಲಿಸುವುದು ಸರಿಯಲ್ಲ, ಏಕೆಂದರೆ ಎರಡರ ಬೇರೂ ಒಂದೇ. ಈ ವೃತ್ತಿ ಮಾಡುವುದು ಜ್ಞಾನದ ಕೆಲಸ ಎಂದು ಸಮಾಜ ಒಪ್ಪದಿರುವುದೇ ಕಡಿಮೆ ಸಂಬಳಕ್ಕೂ ಕಾರಣ, ಸಂಶೋಧನೆಯ ಬರಕ್ಕೂ ಕಾರಣ. ನರ್ಸಿನ ಕೆಲಸದಿಂದ ಎಷ್ಟು ಜೀವ ಉಳಿಯಿತು, ಎಷ್ಟು ಹಣ ಉಳಿಯಿತು ಎಂದು ತೋರಿಸುವ ಸಾಕ್ಷ್ಯ ಸಂಬಳದ ಮಾತುಕತೆಗೂ ಬಲ ಕೊಡುತ್ತದೆ. ಇನ್ನೊಂದು ಸಂಗತಿ. ಹದಿನೈದು ವರ್ಷ ಅನುಭವದ ನರ್ಸ್ ವಿದೇಶಕ್ಕೆ ಹೊರಟಾಗ ಹಣದ ಆಸೆ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ತನ್ನ ಅನುಭವ ಬೆಳೆದಂತೆ ತನ್ನ ಸ್ಥಾನವೂ ಬೆಳೆಯುತ್ತದೆ ಎಂಬ ಭರವಸೆಯನ್ನು ಇಲ್ಲಿ ನಾವು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದಿಲ್ಲ. ರೋಗಿಯ ಪಕ್ಕದಲ್ಲಿದ್ದುಕೊಂಡೇ ವಿದ್ವತ್ತಿನಲ್ಲಿ ಮೇಲೇರುವ ದಾರಿ ಇದ್ದರೆ ಕೆಲವರಾದರೂ ಉಳಿಯುತ್ತಾರೆ.

ಈ ಮಾತಿನೊಳಗೆ ಹೆಣ್ಣಿನ ಬದುಕಿನ ಲೆಕ್ಕವೂ ಇದೆ. ನರ್ಸಿಂಗ್‌ನಲ್ಲಿ ದೊಡ್ಡ ಸಂಖ್ಯೆ ಮಹಿಳೆಯರದು. ಪಿಎಚ್.ಡಿ. ಮಾಡುವ ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ಅವಧಿ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು ಹೇಳುತ್ತವೆ. ಬದುಕು ಮತ್ತು ಓದು ಒಂದೇ ಹೊತ್ತಿಗೆ ಬರುತ್ತವೆ ಎಂಬುದನ್ನು ಒಪ್ಪಿಕೊಂಡ ನಿಯಮ ಅದು. ಆದರೆ ಆ ಬದುಕು ಪಿಎಚ್.ಡಿ. ಮುಗಿದ ದಿನಕ್ಕೆ ಮುಗಿಯುವುದಿಲ್ಲ. ಮಕ್ಕಳ ಎಸ್ಸೆಸ್ಸೆಲ್ಸಿ, ಅತ್ತೆ ಮಾವಂದಿರ ಆರೋಗ್ಯ, ಗಂಡನ ವರ್ಗಾವಣೆ, ತನ್ನದೇ ವರ್ಗಾವಣೆ, ಇವೆಲ್ಲ ಬಂದು ಸೇರುವುದು ನಲವತ್ತರ ನಂತರವೇ. ತಡವಾಗಿ ಪಿಎಚ್.ಡಿ. ಮಾಡುವ ವೃತ್ತಿಯಲ್ಲಿ ಹುಟ್ಟಿದ ವರ್ಷ ನೋಡಿ ವಯೋಮಿತಿ ಹಾಕಿದರೆ, ಅರ್ಹತೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಇವರಿಗಾಗಿ ರೂಪಿಸುವ ಯಾವುದೇ ಯೋಜನೆ ವಯಸ್ಸನ್ನು ಬಿಟ್ಟು, ಪಿಎಚ್.ಡಿ. ಆಗಿ ಎಷ್ಟು ವರ್ಷವಾಯಿತು ಎಂಬುದನ್ನು, ಅದರಲ್ಲೂ ಬಿಡುವು ತೆಗೆದುಕೊಂಡ ವರ್ಷಗಳನ್ನು ಕಳೆದು, ಲೆಕ್ಕ ಹಾಕಬೇಕು.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು ಕಾಯ್ದಿರಿಸಿದ ಸಮಯ. ಪಿಎಚ್.ಡಿ. ಆಗಿ ಐದರಿಂದ ಹದಿನೈದು ವರ್ಷವಾದವರಿಗೆ ಮೂರು ವರ್ಷ ಕಾಲ ವಾರಕ್ಕೆ ಎರಡು ದಿನ, ಬದಲಿ ಸಿಬ್ಬಂದಿಯ ಸಂಬಳ ಸಮೇತ. ಎರಡನೆಯದು ಕಾಲೇಜು ಮತ್ತು ಆಸ್ಪತ್ರೆ ಎರಡರಲ್ಲೂ ಕಾಲಿಟ್ಟಿರುವ ಜಂಟಿ ಹುದ್ದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಬೋಧನೆ ಮತ್ತು ಸೇವೆಯನ್ನು ಒಂದರೊಳಗೊಂದು ಹೆಣೆದ ಪದ್ಧತಿ ಇರುವುದರಿಂದ, ಇದು ನಮ್ಮ ನೆಲದಲ್ಲಿ ಆಗದ ಮಾತು ಎನ್ನುವಂತಿಲ್ಲ. ಮೂರನೆಯದು ನೆರವಿನ ಕಚೇರಿ. ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದಿಂದ ಮರಳಿ 1858ರಲ್ಲಿ ಸೈನಿಕರ ಸಾವಿನ ಕಾರಣಗಳನ್ನು ಚಿತ್ರವಾಗಿ ಬಿಡಿಸಿ ತೋರಿಸಿದಾಗ ಅವರಿಗೆ 38 ವರ್ಷ. ಆ ಕೆಲಸದಲ್ಲಿ ವಿಲಿಯಂ ಫಾರ್ ಎಂಬ ನುರಿತ ಸಂಖ್ಯಾಶಾಸ್ತ್ರಜ್ಞ ಅವರ ಜೊತೆಗಿದ್ದರು. ದೀಪ ಹಿಡಿದ ಕೈಯನ್ನು ನೆನೆಯುವ ನಾವು ಆ ಜೊತೆಗಾರಿಕೆಯನ್ನೂ ನೆನೆಯಬೇಕು. ನಮ್ಮ ತಾಲ್ಲೂಕು, ಜಿಲ್ಲಾ ಮಟ್ಟದ ನರ್ಸಿಂಗ್ ಕಾಲೇಜಿನವರಿಗೆ ಅಂಕಿಅಂಶ ನೋಡಿಕೊಡುವವರು, ನೈತಿಕ ಸಮಿತಿಯ ಅನುಮತಿಗೆ ಅರ್ಜಿ ಸಿದ್ಧಪಡಿಸಲು ನೆರವಾಗುವವರು, ಅನುದಾನದ ಲೆಕ್ಕಪತ್ರ ಇಡುವವರು ಯಾರೂ ಇಲ್ಲ. ನೂರಾರು ನರ್ಸಿಂಗ್ ಕಾಲೇಜುಗಳು ತನ್ನ ನೆರಳಿನಲ್ಲಿರುವ ಆರೋಗ್ಯ ವಿಶ್ವವಿದ್ಯಾಲಯ ಇವರಿಗೆಲ್ಲ ಸೇರಿ ಒಂದು ಕಚೇರಿ ತೆರೆದರೆ ಸಾಕು. ಪಿಎಚ್.ಡಿ. ಒಕ್ಕೂಟಕ್ಕೆ ನೆಲೆ ಕೊಟ್ಟ ಅದೇ ವಿಶ್ವವಿದ್ಯಾಲಯಕ್ಕೆ ಈ ಮುಂದಿನ ಹೆಜ್ಜೆ ಇಡುವ ಅರ್ಹತೆಯೂ ಇದೆ, ಹೊಣೆಯೂ ಇದೆ.

ನಾಲ್ಕನೆಯದು ಅಳೆಯುವ ಕ್ರಮ. ಬಡ್ತಿಗೆ ಎಷ್ಟು ಪ್ರಬಂಧ ಪ್ರಕಟವಾದವು ಎಂದು ಎಣಿಸುವ ಪದ್ಧತಿ ಅಚ್ಚಿನ ಪ್ರಬಂಧಗಳನ್ನೇ ಹೆಚ್ಚಿಸುತ್ತದೆ, ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕಗಳನ್ನು ಸಾಕುತ್ತದೆ. ಅದರ ಬದಲು ಮೂರು ಪ್ರಶ್ನೆ ಕೇಳಬಹುದು. ಇವರು ಬಿಡದೆ ಹಿಂಬಾಲಿಸಿದ ಪ್ರಶ್ನೆ ಯಾವುದು? ಅದರಿಂದ ಯಾವ ವಾರ್ಡಿನಲ್ಲಿ ಯಾವ ಪದ್ಧತಿ ಬದಲಾಯಿತು? ಇವರ ಕೈಕೆಳಗೆ ಸ್ವಂತವಾಗಿ ಸಂಶೋಧನೆ ಮಾಡಬಲ್ಲವರಾಗಿ ಬೆಳೆದವರು ಯಾರು? ಆಯ್ಕೆಯೂ ಹೀಗೆಯೇ ತೆರೆದದ್ದಾಗಿರಬೇಕು. ಆಯ್ಕೆ ಸಮಿತಿಯಲ್ಲಿ ನರ್ಸ್ ಸಂಶೋಧಕರು ಇರಬೇಕು, ಬೆಂಗಳೂರಿನ ಆಚೆಯವರಿಗೂ ಸರ್ಕಾರಿ ಆಸ್ಪತ್ರೆಯವರಿಗೂ ಪಾಲು ಸಿಗಬೇಕು. ಕೆಲವರನ್ನಷ್ಟೇ ಎತ್ತಿ ಹಿಡಿಯುವ ಯೋಜನೆ ಉಳಿದವರಲ್ಲಿ ಅಸಮಾಧಾನ ಹುಟ್ಟಿಸಬಹುದು ಎಂಬ ಅಂಜಿಕೆ ಸುಳ್ಳಲ್ಲ. ಆಯ್ಕೆಯಾದವರು ತಮ್ಮ ಜೊತೆ ಇಬ್ಬರು ವಾರ್ಡ್ ನರ್ಸುಗಳನ್ನೂ ಇಬ್ಬರು ಕಿರಿಯ ಬೋಧಕರನ್ನೂ ಕರೆದುಕೊಂಡೇ ಹೋಗಬೇಕು ಎಂಬ ಕರಾರು ಅದಕ್ಕೆ ಸರಿಯಾದ ಉತ್ತರ. ಕೇಂದ್ರದಲ್ಲಿ 2023ರಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ್ದು, ಇನ್ನೊಂದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ್ದು. ನರ್ಸಿಂಗ್ ಶಿಕ್ಷಣದ ನಿಯಮವೂ ಸಂಶೋಧನಾ ಹಣದ ನಿಯಮವೂ ಒಂದೇ ಹೊತ್ತಿಗೆ ಹೊಸದಾಗಿ ಬರೆಯಲ್ಪಡುತ್ತಿರುವಾಗ ಈ ಮಾತು ಎತ್ತದಿದ್ದರೆ ಇನ್ನು ಯಾವಾಗ ಎತ್ತುವುದು?

ಬೆಳಗಾವಿಯ ಆ ಹಳ್ಳಿಗಳಲ್ಲಿ ಬಳಸಿದಂಥದೇ ಅಳತೆಗೆರೆಯ ಹಾಳೆ ಇತ್ತೀಚೆಗೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲೂ ಇತ್ತು. ಹರಿದ ರಕ್ತವನ್ನು ಬೇಗ ಅಳೆದು ಚಿಕಿತ್ಸೆಯನ್ನೆಲ್ಲ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಘೋರ ಪರಿಣಾಮಗಳು ಶೇ 60ರಷ್ಟು ತಗ್ಗಿದವು ಎಂದು 2023ರಲ್ಲಿ ಆ ಫಲಿತಾಂಶ ಬಂತು. ಕಣ್ಣಂದಾಜನ್ನು ಬಿಟ್ಟು ಅಳತೆಯನ್ನು ನಂಬಿದ್ದೇ ಅಲ್ಲಿಯ ಮೊದಲ ಹೆಜ್ಜೆ. ಅಳೆಯುವುದನ್ನು ನಮ್ಮ ನರ್ಸುಗಳು ಬಹಳ ಹಿಂದೆಯೇ ಕಲಿತಿದ್ದಾರೆ. ಬಿಪಿ, ಜ್ವರ, ಮೂತ್ರದ ಪ್ರಮಾಣ, ಹನಿಹನಿಯಾಗಿ ಇಳಿಯುವ ಡ್ರಿಪ್ಪಿನ ಲೆಕ್ಕ, ಎಲ್ಲವನ್ನೂ ಪಾಳಿಯಿಂದ ಪಾಳಿಗೆ ಬರೆದಿಡುತ್ತಾರೆ. ಆ ಬರಹವೆಲ್ಲ ಇಂದು ರೋಗಿ ಮನೆಗೆ ಹೋದ ಮೇಲೆ ರೆಕಾರ್ಡ್ ರೂಮಿನ ಕಪಾಟು ಸೇರುತ್ತದೆ. ಆ ಕಪಾಟನ್ನು ತೆರೆದು, ಇಷ್ಟು ವರ್ಷ ನಾವು ಬರೆದದ್ದು ಏನು ಹೇಳುತ್ತಿದೆ ಎಂದು ಓದಬಲ್ಲ ಕಣ್ಣು ಈಗಾಗಲೇ ನಮ್ಮ ನಡುವೆ ಇದೆ, ಅದನ್ನು ಓದಿಸಲು ರಾಜ್ಯ ಈಗಾಗಲೇ ಖರ್ಚು ಮಾಡಿದೆ. ಇನ್ನು ಕೊಡಬೇಕಾದದ್ದು ವಾರಕ್ಕೆ ಎರಡು ದಿನ.